ನಾಲ್ಕನೆಯವನ ಜಾಗದಲ್ಲಿ ಕಲ್ಲು

ಪರದೇಶದ ಈ ಊರುಗಳಲ್ಲಿ, ಐಸೆಲಿನ್, ಮೆಟುಚೆನ್ ಸುತ್ತಮುತ್ತ ಕಾರು ಓಡಿಸುವ ನಮ್ಮ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಮುಕುಂದನ ಶಿಷ್ಯೆಯರೇ. ಮದುವೆಯಾಗಿ ಹೊಸದಾಗಿ ಬಂದಿಳಿದ ಸೊಸೆಯರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಇಲ್ಲೇ ಉಳಿದುಬಿಟ್ಟ ಅತ್ತೆಯರು, ಗಂಡನ ಹತ್ತಿರ ಕಲಿಯಲು ಹೋಗಿ ಮೊದಲ ದಿನವೇ ಜಗಳವಾಡಿ ಅರ್ಧ ದಾರಿಯಲ್ಲಿ ಇಳಿದು ನಡೆದು ಬಂದವರು, ಎಲ್ಲರೂ ಕೊನೆಗೆ ಸೇರುತ್ತಿದ್ದುದು ಇವನ ಬೂದು ಬಣ್ಣದ ಕಾರಿಗೆ. ಕಾರಿನ ನೆತ್ತಿಯ ಮೇಲೆ ‘ಸ್ಟೂಡೆಂಟ್ ಡ್ರೈವರ್’ ಎಂಬ ಹಳದಿ ಫಲಕ. ಕಲಿಸುವವನು ಕೂರುವ ಪಕ್ಕದ ಸೀಟಿನ ಮುಂದೆ ಇನ್ನೊಂದು ಬ್ರೇಕು, ಅದರ ಮೇಲೆ ಸದಾ ಕಾವಲಿರುವ ಮುಕುಂದನ ಕಾಲು. ಪಾಠ ಎಂದು ಅವನು ಹೇಳುತ್ತಿದ್ದುದು ಕಡಿಮೆ. ಪಕ್ಕದಲ್ಲಿ ಟ್ರಕ್ಕು ಭರ್ರೆಂದು ಹೋದಾಗ, ಕಲಿಯುವವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಾಗ, ಅವನದು ಒಂದೇ ಮಾತು. "ಭಯ ಬೇಡ, ನಾನಿದ್ದೀನಿ."

ಅವನ ಹೆಂಡತಿ ವಿಜಿಯೂ ಇದೇ ಮಾತಿನ ಮೇಲೆ ಕಲಿತವಳು. ಕಲಿತು ಎಷ್ಟೋ ವರ್ಷಗಳಾದರೂ, ಗಂಡ ಪಕ್ಕದಲ್ಲಿದ್ದರೆ ಸ್ಟಾಪ್ ಸೈನ್ ಬಂದಲ್ಲೆಲ್ಲ ಕಾರು ನಿಲ್ಲಿಸಿ ಅವನ ಕಡೆ ತಿರುಗುತ್ತಾಳೆ. ಅವನು "ಹ್ಞೂಂ, ಇದ್ದೀನಿ" ಅನ್ನಬೇಕು, ಆಮೇಲೆಯೇ ಕಾರು ಮುಂದಕ್ಕೆ. ಹಿಂದೆ ಕೂತ ಹೆಣ್ಣುಮಕ್ಕಳು, ದೊಡ್ಡವಳು ಹಂಸಿನಿ, ಚಿಕ್ಕವಳು ಸಂಹಿತಾ, ಕಣ್ಣು ಮೇಲೆ ಮಾಡಿ ನಗುತ್ತಾರೆ.

ಮೈಸೂರಿನ ಸರಸ್ವತಿಪುರಂನ ಮುಕುಂದ ಈ ದೇಶಕ್ಕೆ ಬಂದದ್ದು ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆ. ಆ ಕಂಪನಿ ಬಾಗಿಲು ಹಾಕಿದ ಮೇಲೆ ತನಗೆ ತಾನೇ ಧಣಿಯಾದ. ಧಣಿಯಾದವನಿಗೆ ಇಲ್ಲಿ ಒಂದೇ ತಾಪತ್ರಯ. ಮನೆಮಂದಿಯ ಆರೋಗ್ಯ ವಿಮೆಯನ್ನು ಯಾವ ಕಂಪನಿಯೂ ಕೊಡುವುದಿಲ್ಲ, ತಾನೇ ಕೊಳ್ಳಬೇಕು. ವಿಜಿ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ. ಪುಟ್ಟ ಕ್ಲಿನಿಕ್ಕು, ಅಲ್ಲೂ ವಿಮೆಯಿಲ್ಲ. ವಿಮೆ ಸುಧಾರಣೆಯ ಕಾನೂನು ಬಂದು, ಯಾರು ಬೇಕಾದರೂ ರಾಜ್ಯದ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳಬಹುದು, ಸರ್ಕಾರ ಒಂದು ಪಾಲು ಹೊರುತ್ತದೆ ಎಂದಾದಾಗ ಮುಕುಂದ ಆ ಕಾನೂನು ಮಾಡಿದವರ ಹೊಟ್ಟೆ ತಣ್ಣಗಿರಲಿ ಎಂದು ಹರಸಿದ್ದ. ನಡುವೆ ಕೆಲವು ವರ್ಷ ಸರ್ಕಾರದ ಕೈ ಇನ್ನಷ್ಟು ಧಾರಾಳವಾಗಿತ್ತು. ಕಳೆದ ಡಿಸೆಂಬರಿಗೆ ಆ ಧಾರಾಳ ಮುಗಿಯಿತು. ಇಷ್ಟು ಸಂಪಾದನೆ ದಾಟಿದವರಿಗೆ ಬಿಡಿಗಾಸೂ ಇಲ್ಲ ಎಂಬ ಹಳೆಯ ಗೆರೆ ಮತ್ತೆ ಬಂತು. ವಿಜಿ ಶನಿವಾರವೂ ಕೆಲಸಕ್ಕೆ ಹೋಗಿದ್ದಳು, ಮುಕುಂದ ಭಾನುವಾರವೂ ಕಲಿಸಿದ್ದ. ಅದರಿಂದಾಗಿ ಇವರ ಸಂಸಾರ ಆ ಗೆರೆಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ನಿಂತಿತ್ತು. ಮೈಮುರಿದು ದುಡಿದದ್ದೇ ತಪ್ಪಾಯಿತು ಅನ್ನಿ.

ಓಕ್ ಟ್ರೀ ರೋಡಿನ ಸೀರೆ ಅಂಗಡಿಯೊಂದರ ಮಹಡಿಯಲ್ಲಿ ಶಂಕರನಾರಾಯಣನೆಂಬ ಏಜೆಂಟನ ಆಫೀಸಿದೆ. ಡಿಸೆಂಬರಿನ ಒಂದು ಮುಸ್ಸಂಜೆ ಮುಕುಂದ ಅಲ್ಲಿ ಕೂತಿದ್ದ. ಶಂಕರನಾರಾಯಣ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದ. ನಾಲ್ವರಿಗೆ ತಿಂಗಳಿಗೆ ಕಟ್ಟಬೇಕಾದದ್ದು ಮನೆಯ ಬಾಡಿಗೆಯನ್ನೂ ಮೀರಿತ್ತು.

"ನಿಮ್ಮನೇಲಿ ವಯಸ್ಸು ಜಾಸ್ತಿ ಆಗಿರೋದು ನಿಮಗೇ ಅಲ್ವಾ ಸಾರ್, ಅದಕ್ಕೆ ದೊಡ್ಡ ಪಾಲು ನಿಮ್ದೇ" ಎಂದ ಶಂಕರನಾರಾಯಣ.

ಮುಕುಂದ ಯೋಚಿಸಿದ. ಸಂಹಿತಾಗೆ ಉಬ್ಬಸ, ಇನ್ಹೇಲರ್ ಇಲ್ಲದೆ ಚಳಿಗಾಲ ದಾಟುವಂತಿಲ್ಲ. ವಿಜಿಗೆ ಥೈರಾಯ್ಡು. ಹಂಸಿನಿ ಆಟದಲ್ಲಿ ಕೈಕಾಲು ಮುರಿದುಕೊಳ್ಳುವ ಹುಡುಗಿ. ತನಗೇನಾಗಿದೆ, ಗುಂಡುಕಲ್ಲಿನಂತಿದ್ದೇನೆ.

"ಹಾಗಾದ್ರೆ ಮೂರೇ ಜನ ಹಾಕಿ. ನಾನು ಇಲ್ಲ."

ಶಂಕರನಾರಾಯಣನ ಕೈ ಕೀಬೋರ್ಡಿನ ಮೇಲೆ ನಿಂತಿತು. "ಅಯ್ಯೋ ಸಾರ್, ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು! ಬಿಡ್ತು ಅನ್ನಿ."

ಬಾಯಿ ತಪ್ಪಿ ಕೆಟ್ಟ ಮಾತು ಬಂದರೆ ‘ಬಿಡ್ತು’ ಎಂದು ಹೇಳಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮುಕುಂದ ಹೇಳಲಿಲ್ಲ, ನಕ್ಕ. "ಇನ್ಶೂರೆನ್ಸ್ ಮಾರೋರೇ ಬಿಡ್ತು ಅಂತ ಕೂತ್ರೆ ವ್ಯಾಪಾರ ಆಗತ್ತೇನ್ರೀ?"

"ನಿಮ್ಮಿಷ್ಟ. ಸ್ಟೇಟ್‌ಗೆ ಇನ್ಶೂರೆನ್ಸ್ ಇಲ್ಲದ್ದಕ್ಕೆ ದಂಡ ಬೇರೆ ಕಟ್ಬೇಕಾಗತ್ತೆ. ಜನವರಿ ಮುಗಿಯೋ ತನಕ ಟೈಮ್ ಇದೆ. ಮನಸ್ಸು ಬದಲಾದ್ರೆ ಫೋನ್ ಮಾಡಿ, ಫೆಬ್ರವರಿಯಿಂದ ನಿಮಗೂ ಶುರುವಾಗತ್ತೆ."

ಮೆಟ್ಟಿಲಿಳಿದು ಬಂದ ಮುಕುಂದ ಕರಿಬೇವು ಕೊಳ್ಳಲು ಪಕ್ಕದ ದಿನಸಿ ಅಂಗಡಿಗೆ ಹೋದ. ತಾನೇ ತೆರೆದುಕೊಳ್ಳಬೇಕಾದ ಗಾಜಿನ ಬಾಗಿಲು ತೆರೆದುಕೊಳ್ಳಲಿಲ್ಲ. ಹಿಂದೆ ಸರಿದು ಮತ್ತೆ ಮುಂದೆ ಬಂದ, ಕೈಯಾಡಿಸಿದ. ಅಷ್ಟರಲ್ಲಿ ಹಿಂದಿನಿಂದ ಯಾರದೋ ಪುಟ್ಟ ಮಗು ಓಡಿಬಂತು. ಬಾಗಿಲು ಸರ್ರನೆ ತೆರೆಯಿತು. ಚಳಿಗೆ ಯಂತ್ರ ಕೆಟ್ಟಿರಬೇಕು ಅಂದುಕೊಂಡ.

ಮನೆಯಲ್ಲಿ ವಿಜಿ "ಇನ್ಶೂರೆನ್ಸ್ ಏನಾಯ್ತು?" ಎಂದಾಗ "ಎಲ್ಲಾ ಆಯ್ತು" ಎಂದ. ಹೆಂಡತಿಯ ಮುಂದೆ ಅರ್ಧ ಮಾತು ನುಂಗಿ ಅದನ್ನೇ ತ್ಯಾಗ ಎಂದುಕೊಳ್ಳುವ ಚಟ ನಮ್ಮ ಗಂಡಸರಿಗೆ ಹೋಗುವುದಿಲ್ಲ.

ಜನವರಿಯ ಮೊದಲಲ್ಲಿ ಹೊಸ ಕಾರ್ಡುಗಳು ಬಂದವು. ಬಂದ ಲಕೋಟೆಯಿಂದ ಮೂರನ್ನು ತೆಗೆದು ಮೇಜಿನ ಮೇಲಿಟ್ಟ ಮುಕುಂದ, ತನ್ನದು ಪರ್ಸಿನಲ್ಲಿದೆ ಎಂದು ಸುಳ್ಳು ಹೇಳಿದ. ವಿಜಿ ಮಕ್ಕಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಳು. ಮೂರು ಜನ ಸೇರಿ ಒಳ್ಳೆಯ ಕೆಲಸಕ್ಕೆ ಹೊರಡಬಾರದು ಎಂಬುದು ಅವಳ ತವರುಮನೆಯ ಪದ್ಧತಿ. ಹೊರಡಲೇಬೇಕಾದರೆ ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲನ್ನು ಜೊತೆಗೆ ಒಯ್ಯಬೇಕು, ಬಂದ ಮೇಲೆ ಎಸೆಯಬೇಕು. ಮನೆಯೊಡೆಯ ಡ್ರೈವ್‌ವೇ ಅಂಚಿಗೆ ಸುರಿಸಿದ ಬಿಳಿ ಕಲ್ಲುಗಳಲ್ಲಿ ಒಂದನ್ನು ವಿಜಿ ಚೀಲಕ್ಕೆ ಹಾಕಿಕೊಂಡಳು. "ಅಮ್ಮಾ, ಸ್ಟೋನ್ ಅಂಕಲ್ ಈಸ್ ಕಮಿಂಗ್ ಟೂ?" ಎಂದು ಸಂಹಿತಾ ರೇಗಿಸಿದಳು. ಅದೆಲ್ಲ ಮನೆಯಲ್ಲಿ ಮಾಮೂಲು.

ಮಾಮೂಲಲ್ಲದ್ದು ಸಂಜೆ ನಡೆಯಿತು. ಅವರು ಹಿಂತಿರುಗಿದ ಮೇಲೆ ಮುಕುಂದ ನೋಡಿದರೆ, ಬೀಗದ ಕೈ ಇಡುವ ತಟ್ಟೆಯಲ್ಲಿ, ಅವನ ಕನ್ನಡಕದ ಪಕ್ಕದಲ್ಲಿ, ಆ ಕಲ್ಲು.

"ಇದನ್ಯಾಕೆ ಒಳಗೆ ತಂದೆ?"

"ಎಸೆದೆನಲ್ಲ!" ಎಂದು ವಿಜಿ ಬೆರಗಾದಳು.

ಅವನೇ ಹೊರಗೆ ಎಸೆದು ಬಂದ. ಬೆಳಿಗ್ಗೆ ಅದು ಊಟದ ಮೇಜಿನ ಮೇಲೆ, ಅವನು ದಿನಾ ಕೂರುವ ಕುರ್ಚಿಯ ಎದುರಿಗಿತ್ತು. ಸಂಹಿತಾಳ ಕುಚೇಷ್ಟೆ ಎಂದು ಗದರಿದ. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು "ಐ ಡಿಡಂಟ್ ಟಚ್ ಇಟ್" ಎಂದಳು. ಸುಳ್ಳು ಹೇಳುವ ಮಗುವಲ್ಲ ಅದು.

ಅದೇ ವಾರ ಮಹಿಮಾ ಎಂಬ ಹುಡುಗಿಗೆ ಪಾಠ. ಧಾರವಾಡದ ಕಡೆಯವಳು, ಹೊಸದಾಗಿ ಬಂದ ಸೊಸೆ. ಮುಕುಂದ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಕಾರು ಹೊರಟು ಸ್ವಲ್ಪ ಹೊತ್ತಿಗೆ ಅವಳು ಕೇಳಿದಳು, "ಅಂಕಲ್, ಈ ದೀಪ ಯಾಕ ಹತ್ತೇತ್ರಿ?"

ಪಕ್ಕದ ಸೀಟಿನ ಏರ್‌ಬ್ಯಾಗಿನ ದೀಪ ಅದು. ಆ ಸೀಟಿನಲ್ಲಿ ದೊಡ್ಡವರು ಕೂತರೆ ಆರುತ್ತದೆ, ಸೀಟು ಖಾಲಿಯಿದ್ದರೆ ಉರಿಯುತ್ತದೆ. ಮುಕುಂದ ಕೂತಿದ್ದಾನೆ, ದೀಪ ಉರಿಯುತ್ತಿದೆ. ಅವನು ಸೀಟನ್ನು ಒತ್ತಿ ಕೂತ, ಎದ್ದು ಕೂತ. ಹಳದಿ ದೀಪ ಕದಲಲಿಲ್ಲ.

"ಸೆನ್ಸರ್ ಹೋಗಿರ್ಬೇಕು. ನೀನು ರೋಡ್ ನೋಡಮ್ಮ. ಭಯ ಬೇಡ, ನಾನಿದ್ದೀನಿ."

ಮಹಿಮಾ ಏನೂ ಕೇಳಿಸದವಳಂತೆ ಮುಂದೆ ನೋಡುತ್ತಿದ್ದಳು. ಓಕ್ ಟ್ರೀ ರೋಡಿನಲ್ಲಿ ಇದ್ದಕ್ಕಿದ್ದಂತೆ ಒಬ್ಬ ಮುದುಕಿ ರಸ್ತೆಗಿಳಿದಳು. ಮುಕುಂದ ತನ್ನ ಬ್ರೇಕನ್ನು ಶಕ್ತಿಮೀರಿ ತುಳಿದ. ಕಾರು ನಿಲ್ಲಲಿಲ್ಲ. ಕೊನೆಯ ಕ್ಷಣದಲ್ಲಿ ಮಹಿಮಾಳೇ ಚೀರಿ ತನ್ನ ಬ್ರೇಕು ಒತ್ತಿದಳು. ಮುದುಕಿ ಬೈದುಕೊಂಡು ದಾಟಿ ಹೋದಳು.

"ಅಂಕಲ್, ನೀವು ಬ್ರೇಕ್ ಹಾಕ್ಲೇ ಇಲ್ರೀ" ಎಂದಳು ಮಹಿಮಾ ಅಳುವ ದನಿಯಲ್ಲಿ. ಅವನ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು. ಕೆಳಗೆ ನೋಡಿದ. ಪೆಡಲು ಒಂದಿಷ್ಟೂ ಕೆಳಗಿಳಿದಿರಲಿಲ್ಲ.

ಮೆಕ್ಯಾನಿಕ್ಕು ಎಲ್ಲ ಬಿಚ್ಚಿ ನೋಡಿ ಎಲ್ಲವೂ ಸರಿಯಾಗಿದೆ ಎಂದ. ಮುಕುಂದ ಪಾಠಗಳನ್ನು ಕೆಲವು ದಿನ ಮುಂದಕ್ಕೆ ಹಾಕಿದ. ಆ ಹೊತ್ತಿಗೆ ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಏನೋ ಹಿಡಿದುಕೊಳ್ಳುತ್ತಿತ್ತು, ಎಡ ದವಡೆಯವರೆಗೂ ಸೆಳೆತ. ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದ. ಡಾಕ್ಟರ ಹತ್ತಿರ ಹೋದರೆ ಕಾರ್ಡ್ ಕೇಳುತ್ತಾರೆ. ಕಾರ್ಡಿಲ್ಲ ಎಂದರೆ ವಿಜಿಗೆ ತಿಳಿಯುತ್ತದೆ. ಶಂಕರನಾರಾಯಣನಿಗೆ ಫೋನ್ ಮಾಡೋಣ ಎಂದು ದಿನಾ ಬೆಳಿಗ್ಗೆ ಅನ್ನಿಸುತ್ತಿತ್ತು. ಬಾಡಿಗೆ ನೆನಪಾಗಿ, ಹಂಸಿನಿಯ ಕಾಲೇಜು ನೆನಪಾಗಿ, ಫೋನು ಕೆಳಗಿಡುತ್ತಿದ್ದ.

ಮನೆಯಲ್ಲೂ ಏನೋ ಬದಲಾಗುತ್ತಿತ್ತು. ಸೋಫಾದಲ್ಲಿ ಅರ್ಧ ಸಂಜೆ ಕೂತಿದ್ದವನನ್ನು ನೋಡಿ ಹಂಸಿನಿ ಬೆಚ್ಚಿಬಿದ್ದು "ಅಪ್ಪಾ! ವೆನ್ ಡಿಡ್ ಯೂ ಕಮ್ ಹೋಮ್?" ಎಂದಳು. ವಿಜಿ ಊಟಕ್ಕೆ ಮೂರು ತಟ್ಟೆ ಹಾಕಿ, ಏನೋ ಮರೆತವಳಂತೆ ಮೇಜನ್ನೇ ನೋಡುತ್ತ ನಿಂತು, ಆಮೇಲೆ ನಾಲ್ಕನೆಯದನ್ನು ತಂದಳು. ಅದನ್ನು ಇಟ್ಟದ್ದು ಕಲ್ಲಿನ ಮುಂದೆ. ಮುಕುಂದ ಕಲ್ಲನ್ನು ಎತ್ತಿ ಎಸೆಯಲು ಹೋದರೆ ಅದು ಮೊದಲಿನಷ್ಟು ಹಗುರವಾಗಿರಲಿಲ್ಲ. ಇವನ ಶರಟಿನ ಕಾಲರು ಮಾತ್ರ ದಿನದಿನಕ್ಕೆ ಸಡಿಲವಾಗುತ್ತಿತ್ತು.

ಕನ್ನಡ ಸಂಘದವರು ಸಂಕ್ರಾಂತಿಯನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದರು. ಹಿಂದಿನ ದಿನ ಹಿಮ ಬಿದ್ದಿತ್ತು. ಮುಕುಂದ ಮೊದಲೇ ಹೊರಗೆ ಬಂದು ಅದೇ ಬೂದು ಕಾರಿನ ಮೇಲಿನ ಹಿಮ ಕೆರೆದು, ಉಸಿರು ಸಾಲದೆ ಮನೆ ಬಾಗಿಲ ಪಕ್ಕದಲ್ಲಿ ನಿಂತಿದ್ದ. ಎಳ್ಳು ಬೆಲ್ಲದ ತಟ್ಟೆ ಹಿಡಿದು ಹುಡುಗಿಯರು ಬಂದರು, ಹಿಂದೆ ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿದ ವಿಜಿ. ಮೂವರೂ ಅವನ ಪಕ್ಕದಲ್ಲೇ ಹಾದು ಹೋದರು. ಒಬ್ಬರೂ ತಿರುಗಲಿಲ್ಲ.

ಕಲ್ಲು ಮೆಟ್ಟಿಲ ಮೇಲಿತ್ತು. ವಿಜಿ ಬಗ್ಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದಳು. ಅವನೊಡನೆ ದಿನಾ ಆಡುವ ಅದೇ ದನಿಯಲ್ಲಿ, "ರೀ, ಬೆಲ್ಟ್ ಮರೀತೀರಲ್ಲ" ಎಂದು ತಾನೇ ಬೆಲ್ಟ್ ಎಳೆದು ಹಾಕಿದಳು. ಹುಡುಗಿಯರು ಅದೇನೂ ವಿಶೇಷವಲ್ಲ ಎಂಬಂತೆ ಹಿಂದೆ ಕೂತರು.

"ವಿಜಿ! ನಾನು ಇಲ್ಲಿದ್ದೀನಿ ಕಣೇ!"

ಅವಳ ಕಿವಿಗೆ ಸ್ಕಾರ್ಫ್ ಸುತ್ತಿತ್ತು, ನಿಜ. ಗಾಳಿಯೂ ಬೀಸುತ್ತಿತ್ತು, ಅದೂ ನಿಜ. ಮುಕುಂದ ಮಂಜು ಹಿಡಿದ ಗಾಜನ್ನು ಅಂಗೈಯಿಂದ ಬಡಿದ. ಗಾಜಿನ ಮೇಲೆ ಅಂಗೈಯ ಗುರುತು ಮೂಡಲಿಲ್ಲ. ಒಳಗೆ, ಅವನು ಕೂತಾಗಲೆಲ್ಲ ಉರಿಯುತ್ತಿದ್ದ ಆ ಹಳದಿ ದೀಪ, ಆರಿತ್ತು.

ಕಾರು ಹೊರಟುಹೋಯಿತು.

ಅವನು ಮೆಟ್ಟಿಲ ಮೇಲೆ ಕುಸಿದ. ಎದೆಯನ್ನು ಯಾರೋ ಮೊಣಕಾಲಿಟ್ಟು ಅದುಮಿದ ಹಾಗಿತ್ತು, ಎಡಗೈ ತನ್ನದಲ್ಲವೆನ್ನಿಸಿತು. ಫೋನು ತೆಗೆದರೆ ಅವನ ಬೆರಳಿಗೆ ಅದು ಎಚ್ಚರವಾಗಲೇ ಇಲ್ಲ. ಸಾಯುವ ಭಯಕ್ಕಿಂತ ಮೊದಲು ಮುಕುಂದನಿಗೆ ನೆನಪಾದದ್ದು ಹಂಸಿನಿ. ಬೇಸಿಗೆಗೆ ಅವಳು ಕಾರು ಕಲಿಯಬೇಕು. ಊರವರ ಮಕ್ಕಳಿಗೆಲ್ಲ ಕಲಿಸಿದವನು ತನ್ನ ಮಗಳ ಪಕ್ಕದಲ್ಲಿ ಕೂರುವುದಕ್ಕೆ ಇರುವುದಿಲ್ಲ. ಅವನಿಗೆ ಅಳು ಬಂತು. ಮೂರು ಜನರನ್ನು ಕಾಪಾಡಲು ಹೋಗಿ ಮೂರು ಜನರನ್ನೇ ಉಳಿಸಿ ಹೋಗುತ್ತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಬಿಡ್ತು ಎಂದು ಹೇಳಲು ನೋಡಿದ. ತುಟಿ ಅಲುಗಿತು, ಸದ್ದು ಹೊರಡಲಿಲ್ಲ.

ಆಗ ರಸ್ತೆಯ ತಿರುವಿನಲ್ಲಿ ಕಾರು ಮತ್ತೆ ಕಾಣಿಸಿತು. ವಿಜಿ ಹಿಮದಲ್ಲಿ ಜಾರುತ್ತ ಓಡಿಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

"ನೀವು ಪಕ್ಕದಲ್ಲೇ ಕೂತಿದೀರ ಅಂತ ಮಾತಾಡ್ಕೊಂಡು ಹೋಗ್ತಿದ್ದೆ ಕಣ್ರಿ. ಸ್ಟಾಪ್ ಸೈನಲ್ಲಿ ನಿಂತ್ಕೊಂಡೆ. ನೀವು ಹ್ಞೂಂ ಅನ್ಲಿಲ್ಲ. ತಿರುಗಿ ನೋಡಿದ್ರೆ... ಕಲ್ಲು! ಕಲ್ಲಿಗೆ ಬೆಲ್ಟ್ ಹಾಕಿದೀನಿ ನಾನು!" ಅವಳು ಅವನನ್ನು ಹುಡುಕುವವಳಂತೆ ಗಾಳಿಯಲ್ಲಿ ಕೈ ಚಾಚಿದಳು. ಕೈಗೆ ಭುಜ ಸಿಕ್ಕಿತು. ಸಿಕ್ಕ ಮೇಲೆಯೇ ಅವಳ ಕಣ್ಣಿಗೆ ಅವನು ಕಂಡದ್ದು. "ಏನಾಯ್ತು? ಯಾಕೆ ಹೀಗೆ ಬೆವರ್ತಿದೀರ? ಹಂಸಿನಿ, ನೈನ್ ಒನ್ ಒನ್ ಮಾಡೇ!"

"ಬೇಡ" ಎಂದ ಮುಕುಂದ. ಹೆಂಡತಿಯ ಕೈ ತಾಗಿದ ಮೇಲೆ ದನಿ ಎಳೆಯಷ್ಟು ಬಂದಿತ್ತು. "ಆಂಬ್ಯುಲೆನ್ಸ್ ಬೇಡ. ಇನ್ಶೂರೆನ್ಸಲ್ಲಿ ನಾನಿಲ್ಲ ವಿಜಿ. ನಿಮ್ಮ ಮೂರು ಜನರದ್ದೇ ಮಾಡಿಸ್ದೆ. ಇನ್ನು ಸ್ವಲ್ಪ ದಿನ ತಡ್ಕೋತೀನಿ. ಶಂಕರನಾರಾಯಣನಿಗೆ ಹೇಳಿದ್ರೆ ಫೆಬ್ರವರಿಗೆ ಕಾರ್ಡ್ ಬರತ್ತೆ. ಆವಾಗ ಹೋಗೋಣ."

ಎದೆಯೊಡೆಯುತ್ತಿರುವಾಗ ಫೆಬ್ರವರಿಯವರೆಗೆ ಕಾಯೋಣ ಎನ್ನುವ ಮನುಷ್ಯನಿಗೆ ಏನು ಹೇಳುವುದು? ಆಗ ವಿಜಿಗೆ ಬಂದ ಕೋಪವನ್ನು ಮುಕುಂದ ತನ್ನ ಸಂಸಾರದಲ್ಲಿ ಎಂದೂ ನೋಡಿರಲಿಲ್ಲ.

"ಯಾರನ್ನ ಕೇಳಿ ತೆಗೆದ್ರಿ ನಿಮ್ಮನ್ನ? ನಿಮ್ಮ ಜಾಗದಲ್ಲಿ ಕಲ್ಲು ಕೂರಿಸ್ಕೊಂಡು ಸಂಸಾರ ಮಾಡ್ಲಾ ನಾನು? ಇಲ್ಲ ಅಂದ್ರಾ ಬಾಯಲ್ಲಿ? ಹಾಗೇ ಅಂದ್ರಾ? ಬಿಡ್ತು ಅನ್ರಿ. ಅನ್ರಿ ಈಗ್ಲೇ!"

"ಬಿಡ್ತು" ಎಂದ ಮುಕುಂದ. ಗಾಳಿಯ ನಡುವೆ ಆ ಮಾತು ಹುಡುಗಿಯರಿಗೂ ಕೇಳಿಸಿತು.

ಹಿಮದಲ್ಲಿ ಆಂಬ್ಯುಲೆನ್ಸ್ ಬರಲು ತಡವಾಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ಆಸ್ಪತ್ರೆ ಹತ್ತಿರವೇ ಇತ್ತು. ವಿಜಿ ಕಾರಿನಿಂದ ಕಲ್ಲನ್ನು ಎಳೆದಳು. ಅಂಗೈ ಅಗಲದ ಕಲ್ಲು, ಹಂಸಿನಿ ಬಂದು ಕೈ ಹಾಕಿದ ಮೇಲೆ ಸೀಟಿನಿಂದ ಕದಲಿತು. ಇಬ್ಬರೂ ಸೇರಿ ಅದನ್ನು ಹಿಮಕ್ಕೆ ನೂಕಿದರು. ಮುಕುಂದನನ್ನು ಕೂರಿಸಿ ಬೆಲ್ಟ್ ಹಾಕಿದರು.

ಹಳದಿ ದೀಪ ಹತ್ತಿತು. ಸೀಟು ಖಾಲಿಯಿದೆ ಎಂದಿತು ಕಾರು.

ವಿಜಿ ಅದನ್ನು ನೋಡಿದಳು. ಕಾರು ಹೊರಡಿಸಿದಳು. ಬೀದಿಯ ತುದಿಯ ಸ್ಟಾಪ್ ಸೈನಿನಲ್ಲಿ ನಿಲ್ಲಿಸಿ, ಯಾವತ್ತಿನಂತೆ ಅವನ ಕಡೆ ತಿರುಗಿದಳು. ಮುಕುಂದನ ಕಣ್ಣು ಮುಚ್ಚಿಹೋಗುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಂಹಿತಾ ಬಿಕ್ಕುತ್ತಿದ್ದಳು. "ಅಮ್ಮಾ, ಜಸ್ಟ್ ಗೋ!" ಎಂದು ಹಂಸಿನಿ ಕಿರುಚಿದಳು. ವಿಜಿ ಕದಲಲಿಲ್ಲ.

"ರೀ" ಎಂದಳು. "ನೀವು ಹೇಳ್ದೆ ನಾನು ಯಾವತ್ತಾದ್ರೂ ಹೋಗಿದೀನಾ?"

ಮುಕುಂದ ಎಲ್ಲಿಂದಲೋ ಉಸಿರನ್ನು ಒಟ್ಟು ಮಾಡಿದ. "ಹ್ಞೂಂ" ಎಂದ. "ಇದ್ದೀನಿ."

ದೀಪ ಆರಿತು. ಆಮೇಲೆ ಆಸ್ಪತ್ರೆಯವರೆಗೆ ವಿಜಿ ಯಾವ ಸ್ಟಾಪ್ ಸೈನಿಗೂ ಮರ್ಯಾದೆ ಕೊಡಲಿಲ್ಲ.

ತುರ್ತು ವಿಭಾಗದಲ್ಲಿ ಮುಕುಂದನ ಎದೆಗೆ ತಂತಿಗಳನ್ನು ಅಂಟಿಸಿದರು. ತೆರೆಯ ಮೇಲೆ ಹಸಿರು ಗೆರೆ ಏಳುತ್ತ ಬೀಳುತ್ತ ಓಡಿತು. ಈ ಯಂತ್ರಕ್ಕಾದರೂ ತಾನು ಇದ್ದೇನೆ ಎಂದುಕೊಳ್ಳುತ್ತ ಅವನು ಅದನ್ನೇ ನೋಡಿದ. ಪಕ್ಕದಲ್ಲಿ ಯಾರೋ ಕಾರ್ಡ್ ಕೇಳಿದರು, ವಿಜಿ ಇಲ್ಲ ಎಂದಳು. ಅವನನ್ನು ಒಳಗೆ ತಳ್ಳಿಕೊಂಡು ಹೋಗುತ್ತಿರುವಾಗ ಅವಳು ಫೋನಿನಲ್ಲಿ ಕೂಗಿ ಹೇಳುತ್ತಿದ್ದುದು ಅವನಿಗೆ ಕೇಳಿಸಿತು. "ಶಂಕರನಾರಾಯಣ ಅವರೇ, ನಮ್ಮನೇಲಿ ನಾಲ್ಕು ಜನ. ಎಷ್ಟಾದ್ರೂ ಆಗ್ಲಿ. ನಾಲ್ಕು ಅಂತ ಹಾಕಿ."

ಮುಕುಂದ ಉಳಿದ. ಆ ಜನವರಿಯ ಆಸ್ಪತ್ರೆಯ ಬಿಲ್ಲು ಫೆಬ್ರವರಿಯ ಕಾರ್ಡಿಗೆ ಸೇರುವುದಿಲ್ಲ, ಅದನ್ನು ಅವರು ಇನ್ನೂ ತೀರಿಸುತ್ತಿದ್ದಾರೆ. ವಿಜಿ ಈಗ ಮೂವರೇ ಎಲ್ಲಿಗಾದರೂ ಹೊರಡಬೇಕಾಗಿ ಬಂದರೆ ಕಲ್ಲು ತೆಗೆದುಕೊಳ್ಳುವುದಿಲ್ಲ, ಹೊರಡುವುದನ್ನೇ ಬಿಡುತ್ತಾಳೆ. ಡ್ರೈವ್‌ವೇ ಅಂಚಿನಲ್ಲಿ ಹಿಮ ಕರಗಿದಾಗ ಅವಳು ತುಂಬಾ ಹುಡುಕಿದಳಂತೆ, ಆ ಕಲ್ಲು ಸಿಗಲಿಲ್ಲ.

ಬೇಸಿಗೆ ಬಂತು. ಹಂಸಿನಿ ಸ್ಟೀರಿಂಗ್ ಹಿಡಿದು ಕೂತಿದ್ದಾಳೆ. "ಅಪ್ಪಾ, ಐ ಆಮ್ ಸ್ಕೇರ್ಡ್" ಎನ್ನುತ್ತಾಳೆ. ಮುಕುಂದ ಮೊದಲಿನಂತೆ ಥಟ್ಟನೆ ಉತ್ತರ ಕೊಡುವುದಿಲ್ಲ. ಬಗ್ಗಿ ಆ ಹಳದಿ ದೀಪ ಇರುವ ಜಾಗವನ್ನು ನೋಡುತ್ತಾನೆ. ಅದು ಆರಿದೆ ಎಂದು ಖಾತ್ರಿಯಾದ ಮೇಲೆಯೇ ಹೇಳುತ್ತಾನೆ, ನಾನಿದ್ದೀನಿ ಎಂದು.